ಏಳು ವಾಕ್ಯಗಳ ಓದು: ಫಾತಿಹಾ ಅಧ್ಯಾಯದ ಚರಿತ್ರೆ

ಕಾಸರಗೋಡಿನ ಕಡೆಯ ಕನ್ನಡ ಶಾಲೆಗಳಲ್ಲಿ ಬೆಳಗಿನ ಹಾಜರಿ ಕರೆಯುವಷ್ಟರಲ್ಲಿ ಹಲವು ಮಕ್ಕಳು ಆಗಲೇ ಒಂದು ಪಾಠ ಮುಗಿಸಿ ಬಂದಿರುತ್ತಾರೆ. ಅದು ಮದ್ರಸದ ಪಾಠ. ಅಲ್ಲಿ ಉಸ್ತಾದರು ಚಿಕ್ಕ ಮಕ್ಕಳಿಗೆ ಮೊದಮೊದಲು ಬಾಯಿಪಾಠ ಮಾಡಿಸುವುದು ಕುರ್‌ಆನಿನ ಪ್ರಥಮ ಅಧ್ಯಾಯವಾದ ಫಾತಿಹಾವನ್ನು. ಇರುವುದು ಏಳೇ ವಾಕ್ಯ. ಅದನ್ನು ಕಲಿತ ಮಗು ಮುಂದೆ ಬದುಕಿರುವಷ್ಟು ಕಾಲ ದಿನವೂ ಹೇಳುತ್ತದೆ. ಅದೇ ಬೆಂಚಿನಲ್ಲಿ ಕುಳಿತ ಇನ್ನೊಂದು ಮಗು ಮುಸ್ಸಂಜೆ ದೀಪ ಹಚ್ಚಿದ ಮೇಲೆ ಭಜನೆ ಹೇಳುವ ಮನೆಯಿಂದ ಬಂದದ್ದು. ಇಬ್ಬರೂ ಓದುವುದು ಒಂದೇ ಕನ್ನಡ ಪಾಠ. ಆದರೆ ಗೆಳೆಯ ದಿನಾ ಹೇಳುವ ಆ ಏಳು ವಾಕ್ಯಗಳಲ್ಲಿ ಏನಿದೆ ಎಂದು ಈ ಮಗುವಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಹೇಳುವ ಮಗುವಿಗೂ ಗೊತ್ತಿರುವುದಿಲ್ಲ.

ಚರಿತ್ರೆಯ ಪಾಠದಲ್ಲಿ ನಾವು ಅರಸರ ಹೆಸರು, ಯುದ್ಧಗಳ ಇಸವಿ ಎಲ್ಲ ಕಲಿಸುತ್ತೇವೆ. ಜನಸಾಮಾನ್ಯರು ನಿತ್ಯ ಬಾಯಲ್ಲಿ ಹೇಳುವ ಮಾತಿಗೂ ಒಂದು ಚರಿತ್ರೆ ಇದೆ ಎಂದು ಹೇಳುವುದು ಕಡಿಮೆ. ಫಾತಿಹಾದ ಚರಿತ್ರೆ ಅಂಥದ್ದು. ಅದರಲ್ಲಿ ಬಾಯಿಪಾಠ ದೊಡ್ಡದೋ ಅರ್ಥ ದೊಡ್ಡದೋ ಎಂಬ ಚರ್ಚೆಯಿದೆ, ಪ್ರಾರ್ಥನೆ ಯಾವ ಭಾಷೆಯಲ್ಲಿರಬೇಕು ಎಂಬ ವಾದವಿದೆ, ಕೋರ್ಟು ಮೆಟ್ಟಿಲು ಹತ್ತಿದ ಜಗಳವೂ ಇದೆ. ಗಡಿಯಾಚೆ ಕುಳಿತು ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಸುತ್ತಿರುವ ನಮಗೆ ಈ ಮೂರೂ ವಿಷಯಗಳು ದೂರದವಲ್ಲ.

ಓದು ಎಂಬ ಮಾತು

ಕುರ್‌ಆನ್ ಎಂಬ ಪದಕ್ಕೆ ಓದು, ಪಠಣ ಎಂದೇ ಅರ್ಥ. ಮುಸ್ಲಿಮರ ನಂಬಿಕೆಯ ಪ್ರಕಾರ ಕ್ರಿ.ಶ. 610ರ ಸುಮಾರಿಗೆ ಮಕ್ಕಾ ಸಮೀಪದ ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದರಿಗೆ ಬಂದ ಮೊದಲ ಸಂದೇಶದ ಮೊದಲ ಪದವೇ 'ಓದು' ಎಂಬ ಆಜ್ಞೆ. ಇಲ್ಲಿ ಓದು ಎಂದರೆ ಪುಸ್ತಕ ಬಿಡಿಸಿಕೊಂಡು ಮೌನವಾಗಿ ಕಣ್ಣಾಡಿಸುವುದಲ್ಲ. ಬಾಯಿಬಿಟ್ಟು, ಸ್ವರವೆತ್ತಿ ಹೇಳುವುದು.

ನಮ್ಮ ಭಾಷೆಗಳಲ್ಲೂ ಈ ಹಳೆಯ ಅರ್ಥ ಉಳಿದಿದೆ. ನೆರೆಯ ಮಲಯಾಳದಲ್ಲಿ ಕುರ್‌ಆನ್ ಕಲಿಯುವ ಹಳೆಯ ಕಾಲದ ಶಾಲೆಗೆ 'ಓತ್ತುಪಳ್ಳಿ' ಎಂದು ಹೆಸರು. ಆ 'ಓತ್ತು' ನಮ್ಮ ಕನ್ನಡದ 'ಓದು' ಪದದ ಒಡಹುಟ್ಟು. ಸ್ವಾರಸ್ಯವೆಂದರೆ ನಂಬೂದಿರಿಗಳು ವೇದ ಹೇಳುವುದಕ್ಕೂ ಅದೇ ಓತ್ತು ಎಂಬ ಪದವಿದೆ; ವೇದ ಕಲಿಸುವ ಗುರುವಿಗೆ 'ಓದಿಕ್ಕನ್' ಎನ್ನುತ್ತಾರೆ. ಅತ್ತ ಬಿಜಾಪುರ, ಸೊಲ್ಲಾಪುರದ ಕಡೆ ಮೊಹರಂ ಹಬ್ಬದಲ್ಲಿಯೂ ದರ್ಗಾಗಳಲ್ಲಿಯೂ ಸಕ್ಕರೆ ಹಿಡಿದು ನಿಂತ ಭಕ್ತರು 'ಓದಿಕೆ' ಮಾಡಿಸುತ್ತಾರೆ, 'ಸಕ್ಕರೆ ಓದಿಸುತ್ತಾರೆ'. ಹಾಗೆ ಸಕ್ಕರೆ ತಂದವರಲ್ಲಿ ಹಿಂದೂ ಮುಸ್ಲಿಂ ಎರಡೂ ಸಮಾಜದವರಿರುತ್ತಾರೆ. ಅಲ್ಲಿ ಓದುವ ಓದಿನಲ್ಲಿ ಮುಖ್ಯವಾದದ್ದು ಈ ಫಾತಿಹಾ ಅಧ್ಯಾಯ. ಆದ್ದರಿಂದಲೇ ಆ ಆಚರಣೆಗೇ ಫಾತಿಹಾ, ಜನರ ಬಾಯಲ್ಲಿ ಫಾತೆ, ಎಂಬ ಹೆಸರಾಯಿತು.

ಏಳು ವಾಕ್ಯಗಳಲ್ಲಿ ಇರುವುದೇನು?

ಕುರ್‌ಆನಿನಲ್ಲಿ ಒಟ್ಟು 114 ಅಧ್ಯಾಯಗಳು. ಸ್ಥೂಲವಾಗಿ ದೊಡ್ಡ ಅಧ್ಯಾಯಗಳು ಮೊದಲಿಗೆ, ಸಣ್ಣವು ಕೊನೆಗೆ ಬರುವಂತೆ ಜೋಡಣೆಯಿದೆ. ಎರಡನೆಯ ಅಧ್ಯಾಯದಲ್ಲಿ 286 ವಾಕ್ಯಗಳಿದ್ದರೆ ಕೊನೆಯದರಲ್ಲಿ 6 ಮಾತ್ರ. ಈ ಕ್ರಮಕ್ಕೆ ಹೊರತಾಗಿ, ಏಳೇ ವಾಕ್ಯಗಳ ಫಾತಿಹಾ ಎಲ್ಲಕ್ಕಿಂತ ಮುಂದೆ ಹೊಸ್ತಿಲಿನ ಹಾಗೆ ನಿಂತಿದೆ. ಫಾತಿಹಾ ಎಂದರೆ ತೆರೆಯುವಂಥದ್ದು, ಆರಂಭ. ಇದಕ್ಕೆ 'ಗ್ರಂಥದ ತಾಯಿ' ಎಂಬ ಅರ್ಥದ ಉಮ್ಮುಲ್ ಕಿತಾಬ್ ಎಂಬ ಹೆಸರೂ ಇದೆ. ಕುರ್‌ಆನಿನ 15ನೆಯ ಅಧ್ಯಾಯದ 87ನೆಯ ವಾಕ್ಯದಲ್ಲಿ ಬರುವ, ಮತ್ತೆ ಮತ್ತೆ ಹೇಳಲ್ಪಡುವ ಏಳು ಎಂಬ ಮಾತು ಈ ಅಧ್ಯಾಯಕ್ಕೇ ಸಲ್ಲುತ್ತದೆ ಎಂದು ಬಹುತೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. ಪ್ರವಾದಿಯವರು 622ರಲ್ಲಿ ಮದೀನಾಕ್ಕೆ ಹೋಗುವುದಕ್ಕೆ ಮೊದಲೇ, ಮಕ್ಕಾದಲ್ಲಿದ್ದಾಗ ಅವತೀರ್ಣವಾದ ಅಧ್ಯಾಯ ಇದು ಎಂಬುದು ಹೆಚ್ಚಿನವರ ಅಭಿಪ್ರಾಯ.

ಇದರ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಮೊದಲು ದೇವರ ಕರುಣೆಯ ಸ್ಮರಣೆ, ಸಕಲ ಲೋಕಗಳನ್ನು ಪೊರೆಯುವವನ ಸ್ತುತಿ, ತೀರ್ಪಿನ ದಿನ ಅವನ ಕೈಯಲ್ಲಿದೆ ಎಂಬ ನೆನಪು. ಅನಂತರ ನಡುವಿನ ವಾಕ್ಯದಲ್ಲಿ ಆರಾಧನೆ ನಿನಗೆ, ಸಹಾಯ ಬೇಡುವುದೂ ನಿನ್ನಲ್ಲಿ ಎಂಬ ಒಪ್ಪಿಗೆ. ಕೊನೆಗೆ ಒಂದೇ ಒಂದು ಬೇಡಿಕೆ. ಆ ಬೇಡಿಕೆ ಧನಕನಕಗಳಿಗಲ್ಲ, ಆಯುಷ್ಯ ಆರೋಗ್ಯಕ್ಕೂ ಅಲ್ಲ. ನೆಟ್ಟಗಿನ ದಾರಿಯಲ್ಲಿ ನಡೆಸು ಎಂಬುದಷ್ಟೇ. ಇನ್ನೊಂದು ಸಂಗತಿಯನ್ನು ವ್ಯಾಕರಣ ಕಲಿಸುವ ನಾವು ಗಮನಿಸಬೇಕು. ಬೇಡುವವನು ಒಬ್ಬನೇ ನಿಂತಿದ್ದರೂ ವಾಕ್ಯದಲ್ಲಿರುವುದು 'ನಾವು', 'ನಮ್ಮನ್ನು' ಎಂಬ ಬಹುವಚನ. ಮೊದಲರ್ಧದಲ್ಲಿ ದೇವರನ್ನು ಕುರಿತು 'ಅವನು' ಎಂಬಂತೆ ಸಾಗಿದ ಮಾತು ನಡುವಿನಲ್ಲಿ ಥಟ್ಟನೆ 'ನೀನು' ಎಂದು ತಿರುಗುತ್ತದೆ. ದೂರದಲ್ಲಿ ನಿಂತು ಹೊಗಳುತ್ತಿದ್ದವನು ಎದುರಿಗೆ ಬಂದು ಮಾತಾಡತೊಡಗಿದ ಹಾಗೆ.

ಪಠಣದ ಆಧ್ಯಾತ್ಮಿಕ ಮಹತ್ವ ಇರುವುದು ಇಲ್ಲಿಯೇ. ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿ ಅಬೂ ಹುರೈರಾ ಅವರು ತಿಳಿಸಿದ ಒಂದು ವರದಿಯಿದೆ. ಅದರ ತಾತ್ಪರ್ಯವೇನೆಂದರೆ, ಈ ಪ್ರಾರ್ಥನೆಯನ್ನು ದೇವರು ತನಗೂ ತನ್ನ ದಾಸನಿಗೂ ಎರಡು ಪಾಲು ಮಾಡಿದ್ದಾನೆ. ದಾಸನು ಒಂದೊಂದು ವಾಕ್ಯ ಹೇಳಿದಾಗಲೂ ದೇವರು ಅದಕ್ಕೆ ಉತ್ತರ ಕೊಡುತ್ತಾನೆ. ಮೊದಲ ಪಾಲು ದೇವರ ಸ್ತುತಿ, ಕೊನೆಯ ಪಾಲು ದಾಸನ ಬೇಡಿಕೆ, ನಡುವಿನ ವಾಕ್ಯ ಇಬ್ಬರಿಗೂ ಸೇರಿದ್ದು. ಹಾಗಾದರೆ ಫಾತಿಹಾ ಹೇಳುವುದು ಒಂದು ಸಂಭಾಷಣೆ. ಗಡಿಬಿಡಿಯಿಂದ ಒಂದೇ ಉಸಿರಿನಲ್ಲಿ ಹೇಳಿ ಮುಗಿಸದೆ ಪ್ರತಿ ವಾಕ್ಯದ ಕೊನೆಗೂ ಸ್ವಲ್ಪ ನಿಲ್ಲಬೇಕು ಎಂದು ಗುರುಗಳು ಮಕ್ಕಳಿಗೆ ತಿದ್ದುವುದರ ಹಿಂದೆ ಈ ಭಾವನೆಯಿದೆ. ಮಾತಾಡಿದವರು ಉತ್ತರಕ್ಕೆ ಕಾಯಬೇಡವೇ?

ಫಾತಿಹಾ ಓದದೆ ನಮಾಝ್ ಇಲ್ಲ ಎಂಬ ಅರ್ಥದ ಇನ್ನೊಂದು ಹದೀಸ್ ಬಹಳ ಪ್ರಸಿದ್ಧ. ಐದು ಹೊತ್ತಿನ ಕಡ್ಡಾಯ ನಮಾಝಿನಲ್ಲಿ ಕ್ರಮವಾಗಿ 2, 4, 4, 3, 4 ರಕಅತ್‌ಗಳು; ಒಟ್ಟು 17. ಪ್ರತಿ ರಕಅತ್‌ನಲ್ಲೂ ಒಮ್ಮೆ ಫಾತಿಹಾ ಎಂದರೆ ದಿನಕ್ಕೆ 17 ಸಲ, ವರ್ಷಕ್ಕೆ ಆರು ಸಾವಿರಕ್ಕೂ ಮಿಕ್ಕಿ. ಲೋಕದಲ್ಲಿ ಅತಿ ಹೆಚ್ಚು ಸಲ ಹೇಳಲ್ಪಡುವ ಪ್ರಾರ್ಥನೆಗಳಲ್ಲಿ ಇದು ಒಂದು ಎನ್ನಲು ಈ ಲೆಕ್ಕವೇ ಸಾಕು.

ಬರಹಕ್ಕೆ ಮೊದಲು ಬಾಯಿ

ಪ್ರವಾದಿಯವರ ಕಾಲದಲ್ಲಿ ಕುರ್‌ಆನ್ ಮುಖ್ಯವಾಗಿ ಉಳಿದದ್ದು ಜನರ ನೆನಪಿನಲ್ಲಿ. ಚರ್ಮ, ಎಲುಬು, ಖರ್ಜೂರದ ಗರಿಗಳ ಮೇಲೂ ಬರೆದಿಡುತ್ತಿದ್ದರು. ಖಲೀಫ ಉಸ್ಮಾನರ (ಆಳ್ವಿಕೆ 644-656) ಕಾಲದಲ್ಲಿ ಝೈದ್ ಬಿನ್ ಸಾಬಿತರ ನೇತೃತ್ವದಲ್ಲಿ ಅಧಿಕೃತ ಪ್ರತಿಗಳು ಸಿದ್ಧವಾಗಿ ಊರೂರಿಗೆ ಹೋದವು. ಅದಕ್ಕೆ ಮೊದಲು ಕೆಲವು ಅನುಚರರ ಬಳಿ ಸ್ವಂತ ಪ್ರತಿಗಳಿದ್ದವು. ಅವರಲ್ಲಿ ಇಬ್ನ್ ಮಸ್‌ಊದರ ಪ್ರತಿಯಲ್ಲಿ ಫಾತಿಹಾ ಬರೆದಿರಲಿಲ್ಲ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ವಿದ್ವಾಂಸರು ಇದಕ್ಕೆ ಕೊಟ್ಟ ಒಂದು ಕಾರಣ ಸೊಗಸಾಗಿದೆ. ಬರೆದಿಡುವುದು ಮರೆತುಹೋದೀತು ಎಂಬ ಭಯದಿಂದ. ಎಲ್ಲರೂ ದಿನಾ ಹೇಳುವ ಫಾತಿಹಾ ಮರೆಯುವುದುಂಟೆ?

ಬಾಯಿಂದ ಬಾಯಿಗೆ ಬಂದ ಪಾಠದಲ್ಲಿ ಸಣ್ಣ ಭೇದಗಳೂ ಉಳಿದುಕೊಂಡವು. ಅವನ್ನು ಅಳಿಸಲಿಲ್ಲ, ಗುರುಪರಂಪರೆಯೊಂದಿಗೆ ದಾಖಲಿಸಿಟ್ಟರು. ತೀರ್ಪಿನ ದಿನದ ವಾಕ್ಯದಲ್ಲಿ ಒಂದು ಪಾಠದವರು 'ಮಾಲಿಕ್' ಎಂದು ದೀರ್ಘ ಎಳೆಯುತ್ತಾರೆ. ಉತ್ತರ ಮತ್ತು ಪಶ್ಚಿಮ ಆಫ್ರಿಕದಲ್ಲಿ ಹೆಚ್ಚಾಗಿರುವ ವರ್ಶ್ ಪಾಠದವರು 'ಮಲಿಕ್' ಎಂದು ಹ್ರಸ್ವವಾಗಿ ಹೇಳುತ್ತಾರೆ. ದೀರ್ಘವಾದರೆ ಒಡೆಯ, ಹ್ರಸ್ವವಾದರೆ ಅರಸ. ನಾವು ಅಂಗಡಿಗೂ ತೋಟಕ್ಕೂ 'ಮಾಲೀಕ' ಎನ್ನುತ್ತೇವಲ್ಲ, ಆ ಪದ ಇದೇ ಅರಬಿ ಪದದಿಂದ ಬಂದದ್ದು. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಅರ್ಥ ಹೇಗೆ ಬೇರೆಯಾಗುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಓತ್ತುಪಳ್ಳಿಗಳಲ್ಲಿ ಹಿಂದೆ ಮರದ ಹಲಗೆಗೆ ಬಿಳಿ ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಷರ ಬರೆದು ಕಲಿಸುತ್ತಿದ್ದರು. ಪಾಠ ಬಾಯಿಗೆ ಬಂದ ಮೇಲೆ ಹಲಗೆ ತೊಳೆದು ಮುಂದಿನ ಪಾಠ. ಬರಹ ಅಳಿದುಹೋಗುತ್ತಿತ್ತು, ಓದು ಉಳಿಯುತ್ತಿತ್ತು.

ಯಾವ ಭಾಷೆಯಲ್ಲಿ ಹೇಳಬೇಕು?

ಇಸ್ಲಾಂ ಅರೇಬಿಯಾದಿಂದ ಹೊರಗೆ ಹೋದ ಕೂಡಲೇ ಈ ಪ್ರಶ್ನೆ ಎದ್ದಿತು. ಪರ್ಷಿಯಾದ ಹೊಸ ಮುಸ್ಲಿಮರಿಗೆ ಅರಬಿ ನಾಲಗೆಗೆ ಹೊರಳುತ್ತಿರಲಿಲ್ಲ. ಆಗ ಪ್ರವಾದಿಯವರ ಅನುಚರರಾದ ಪರ್ಷಿಯಾ ಮೂಲದ ಸಲ್ಮಾನ್ ಫಾರಸಿಯವರು ಫಾತಿಹಾವನ್ನು ಪಾರಸಿಯಲ್ಲಿ ಬರೆದು ಕಳುಹಿಸಿದರು, ನಾಲಗೆ ಪಳಗುವವರೆಗೆ ಅವರು ಅದನ್ನೇ ಹೇಳಿದರು ಎಂದು ಹನಫಿ ಧರ್ಮಶಾಸ್ತ್ರದ ಗ್ರಂಥವೊಂದು ಹೇಳುತ್ತದೆ. ಕೂಫಾ ನಗರದ ಇಮಾಮ್ ಅಬೂ ಹನೀಫಾ (ನಿಧನ 767) ನಮಾಝಿನಲ್ಲಿ ಪಾರಸಿಯ ಓದಿಗೆ ಅವಕಾಶ ಕೊಟ್ಟಿದ್ದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು ಅರಬಿ ಬಾರದವರಿಗೆ ಮಾತ್ರ ಈ ರಿಯಾಯಿತಿ ಎಂದರು. ಶಾಫಿಈ ಪಂಥದವರು ಅಷ್ಟನ್ನೂ ಒಪ್ಪಲಿಲ್ಲ. ಕಾಲಾನುಕ್ರಮದಲ್ಲಿ ನಮಾಝಿನ ಫಾತಿಹಾ ಅರಬಿಯಲ್ಲೇ ಇರಬೇಕು ಎಂಬುದು ಎಲ್ಲೆಡೆ ರೂಢಿಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ತುರ್ಕಿ ದೇಶದಲ್ಲಿ ಪ್ರಶ್ನೆ ಮತ್ತೆ ಎದ್ದಿತು. 1926ರಲ್ಲಿ ಇಸ್ತಾಂಬುಲ್‌ನ ಮಸೀದಿಯೊಂದರಲ್ಲಿ ಒಬ್ಬ ಇಮಾಮರು ತುರ್ಕಿ ಭಾಷೆಯಲ್ಲಿ ನಮಾಝ್ ಮಾಡಿಸಿದಾಗ ದೊಡ್ಡ ವಿವಾದವಾಯಿತು. 1932ರಿಂದ ಸರಕಾರ ಬಾಂಗನ್ನು ತುರ್ಕಿಯಲ್ಲಿ ಕೂಗಿಸಿತು. 1950ರಲ್ಲಿ ನಿಷೇಧ ಹೋದೊಡನೆ ಅರಬಿಯ ಬಾಂಗ್ ಮರಳಿತು. ಇದರಿಂದ ನಾವು ಕಲಿಯಬೇಕಾದದ್ದಿದೆ. ಮಾತೃಭಾಷೆ ಎಷ್ಟೇ ಪ್ರಿಯವಾದರೂ ಪ್ರಾರ್ಥನೆಯ ಭಾಷೆಯನ್ನು ಸರಕಾರದ ಆಜ್ಞೆಯಿಂದ ಬದಲಿಸಲಾಗದು. ನಮ್ಮ ಮೇಲೆ ಇನ್ನೊಂದು ಭಾಷೆ ಹೇರಿದಾಗ ನಮಗಾಗುವ ನೋವು ಎಂಥದೆಂದು ಗಡಿನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಅರ್ಥದ ದಾರಿ ಮುಚ್ಚಲಿಲ್ಲ. ಓದು ಅರಬಿಯಲ್ಲಿ, ಅರ್ಥ ಮನೆಮಾತಿನಲ್ಲಿ ಎಂಬ ಮಧ್ಯಮ ಮಾರ್ಗವನ್ನು ಜನ ಕಂಡುಕೊಂಡರು. ದಿಲ್ಲಿಯ ಶಾಹ್ ವಲಿಯುಲ್ಲಾ 1730ರ ದಶಕದಲ್ಲಿ ಕುರ್‌ಆನನ್ನು ಪಾರಸಿಗೆ ಅನುವಾದಿಸಿದರು. ಅವರ ಮಕ್ಕಳಾದ ಶಾಹ್ ರಫೀಉದ್ದೀನ್ ಮತ್ತು ಶಾಹ್ ಅಬ್ದುಲ್ ಖಾದಿರ್ ಉರ್ದುವಿಗೆ ತಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಮಾಯಿನ್ ಕುಟ್ಟಿ ಇಳಯ ಅವರು ಅರಬಿ-ಮಲಯಾಳದಲ್ಲಿ, ಎಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳದಲ್ಲಿ, ಅನುವಾದ ಮಾಡಿದರು. ಕನ್ನಡಕ್ಕೆ ಮಂಗಳೂರಿನ ಶಾಂತಿ ಪ್ರಕಾಶನ ಕುರ್‌ಆನ್ ಅನುವಾದವನ್ನು ಪ್ರಕಟಿಸಿದೆ. ಇಂದು ಕನ್ನಡ ಓದಬಲ್ಲ ಯಾವ ಮಗುವೂ ಫಾತಿಹಾದ ಅರ್ಥವನ್ನು ಐದು ನಿಮಿಷದಲ್ಲಿ ತಿಳಿಯಬಹುದು.

ಆಮೀನ್ ಎಂಬ ಒಂದು ಪದಕ್ಕಾಗಿ

ಫಾತಿಹಾ ಮುಗಿದ ಮೇಲೆ 'ಆಮೀನ್' ಎನ್ನುತ್ತಾರೆ. ಹಾಗೆಯೇ ಆಗಲಿ ಎಂದು ಭಾವ. ಇದು ಅಧ್ಯಾಯದ ಭಾಗವಲ್ಲ. ಹನಫಿ ಪಂಥದವರು ಇದನ್ನು ಮೆಲ್ಲನೆ ಹೇಳುತ್ತಾರೆ. ಶಾಫಿಈ ಪಂಥದವರು, ಅಹ್ಲೆ ಹದೀಸ್‌ನವರು ಗಟ್ಟಿಯಾಗಿ ಹೇಳುತ್ತಾರೆ. ಇಷ್ಟೇ ವ್ಯತ್ಯಾಸ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉತ್ತರ ಭಾರತದಲ್ಲಿ ಇದೇ ದೊಡ್ಡ ಜಗಳವಾಗಿ, ಹನಫಿಗಳು ಹೆಚ್ಚಿದ್ದ ಮಸೀದಿಯಲ್ಲಿ ಜೋರಾಗಿ ಆಮೀನ್ ಹೇಳಿದವರ ಮೇಲೆ ಧಾರ್ಮಿಕ ಸಭೆಗೆ ಭಂಗ ತಂದರೆಂದು ದಂಡಸಂಹಿತೆಯ 296ನೆಯ ಕಲಮಿನಡಿ ಮೊಕದ್ದಮೆ ನಡೆಯಿತು.

ರಮಝಾನ್ ಎಂಬವರ ಹೆಸರಿನ ಈ ಪ್ರಕರಣ 1885ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಬಂತು. ಆಗ ಅಲ್ಲಿದ್ದ ನ್ಯಾಯಾಧೀಶ ಸಯ್ಯದ್ ಮಹಮೂದ್ ಅವರು ಸರ್ ಸಯ್ಯದ್ ಅಹಮದ್ ಖಾನರ ಮಗ. ಅವರು ಸಹ ನ್ಯಾಯಾಧೀಶರ ಅಭಿಪ್ರಾಯಕ್ಕೆ ಭಿನ್ನವಾಗಿ ಪ್ರತ್ಯೇಕ ತೀರ್ಪು ಬರೆದರು. ಅರಬಿ ಮೂಲಗ್ರಂಥಗಳನ್ನು ತಾವೇ ಪರಿಶೀಲಿಸಿ, ಆಮೀನ್ ಹೇಳಬೇಕೆಂಬುದರಲ್ಲಿ ಎಲ್ಲ ಪಂಥಗಳೂ ಒಂದೇ, ಸ್ವರದ ಏರಿಳಿತದಲ್ಲಿ ಮಾತ್ರ ಭೇದವಿದೆ ಎಂದು ತೋರಿಸಿದರು. ಮಸೀದಿ ಒಂದು ಪಂಥದ ಆಸ್ತಿಯಲ್ಲ, ತನ್ನ ಪಂಥದ ರೀತಿಯಲ್ಲಿ ಪ್ರಾಮಾಣಿಕವಾಗಿ ಪ್ರಾರ್ಥಿಸುವುದು ಅಪರಾಧವಲ್ಲ ಎಂಬುದು ಅವರ ನಿಲುವು. 1889ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಹೈಕೋರ್ಟು, ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಎಲ್ಲ ಮುಸ್ಲಿಮರದು ಎಂದು ಎತ್ತಿಹಿಡಿಯಿತು. ನೆಟ್ಟಗಿನ ದಾರಿಯನ್ನು 'ನಮಗೆ' ತೋರಿಸು ಎಂದು ಬಹುವಚನದಲ್ಲಿ ಬೇಡಿದವರು ಮರುಕ್ಷಣ ಪಕ್ಕದವನ ಸ್ವರಕ್ಕಾಗಿ ಪೊಲೀಸರಲ್ಲಿಗೆ ಹೋದರು ಎಂಬುದನ್ನು ನೋಡಿದರೆ, ಓದು ಬಾಯಲ್ಲೇ ಉಳಿದು ಎದೆಗಿಳಿಯದಿದ್ದರೆ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಇದು ಒಂದೇ ಧರ್ಮದ ಮಾತಲ್ಲ.

ನಮ್ಮ ಊರಿನ ರೀತಿ

ಉತ್ತರದಲ್ಲಿ ಮೊಕದ್ದಮೆಗೆ ಕಾರಣವಾದ ಆ ಗಟ್ಟಿ ಆಮೀನ್ ನಮ್ಮ ಕರಾವಳಿಯಲ್ಲಿ ತೀರ ಸಹಜ. ಅರಬಿ ಸಮುದ್ರದ ವ್ಯಾಪಾರದೊಂದಿಗೆ ಬೆಳೆದ ಮಲಬಾರ್ ಮತ್ತು ತುಳುನಾಡಿನ ಮುಸ್ಲಿಮರು ಬಹುಮಟ್ಟಿಗೆ ಶಾಫಿಈ ಪಂಥದವರು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಮಂಗಳೂರಿನಲ್ಲಿ ಶಾಫಿಈ ಖಾಝಿಯೊಬ್ಬರು ಪಾಠ ಹೇಳುತ್ತಿದ್ದುದನ್ನು ದಾಖಲಿಸಿದ್ದಾನೆ. ಘಟ್ಟದ ಮೇಲೆ, ಬಹಮನಿ ಮತ್ತು ಆದಿಲಶಾಹಿಗಳು ಆಳಿದ ಸೀಮೆಯಲ್ಲಿ, ಹನಫಿಗಳೇ ಹೆಚ್ಚು. ನಮ್ಮ ಉಪ್ಪಳದಲ್ಲಂತೂ ಉರ್ದು ಮಾತಾಡುವ ಹನಫಿ ಕುಟುಂಬಗಳೂ ಮಲಯಾಳ, ಬ್ಯಾರಿ ಮಾತಾಡುವ ಶಾಫಿಈ ಕುಟುಂಬಗಳೂ ಅಕ್ಕಪಕ್ಕದಲ್ಲಿವೆ.

ಇವರ ಓದಿನಲ್ಲಿ ಇನ್ನೂ ಕೆಲವು ಭೇದಗಳಿವೆ. ಶಾಫಿಈಗಳಿಗೆ ಬಿಸ್ಮಿಲ್ಲಾ ಎಂಬುದೇ ಫಾತಿಹಾದ ಒಂದನೆಯ ವಾಕ್ಯ. ಹನಫಿಗಳು ಅದನ್ನು ಪ್ರತ್ಯೇಕವೆಂದು ಎಣಿಸಿ, ಕೊನೆಯ ವಾಕ್ಯವನ್ನು ಎರಡಾಗಿ ಬಿಡಿಸುತ್ತಾರೆ. ಹೇಗೆ ಎಣಿಸಿದರೂ ಲೆಕ್ಕ ಏಳೇ. ಇಮಾಮರ ಹಿಂದೆ ನಿಂತಾಗ ಶಾಫಿಈಗಳು ತಾವೂ ಫಾತಿಹಾ ಹೇಳಿಕೊಳ್ಳಬೇಕು. ಹನಫಿಗಳು ಮೌನವಾಗಿ ಕೇಳಬೇಕು. ಒಂದೇ ತರಗತಿಯ ಇಬ್ಬರು ಮಕ್ಕಳು ಬೇರೆ ಬೇರೆ ರೀತಿ ಕಲಿತಿದ್ದರೆ ಅದು ತಪ್ಪು-ಸರಿಯ ಮಾತಲ್ಲ, ಸಾವಿರ ವರ್ಷ ಮೀರಿದ ಎರಡು ಗುರುಪರಂಪರೆಗಳ ಮಾತು ಎಂದು ನಾವು ತಿಳಿದಿರಬೇಕು.

ಫಾತಿಹಾಕ್ಕೆ 'ಶಿಫಾ', ಎಂದರೆ ಗುಣಪಡಿಸುವುದು, ಎಂಬ ಹೆಸರೂ ಇದೆ. ಪ್ರಯಾಣದಲ್ಲಿದ್ದ ಅನುಚರರ ಗುಂಪಿನಲ್ಲಿ ಒಬ್ಬರು, ಚೇಳು ಕಡಿದ ಪಂಗಡದ ಮುಖ್ಯಸ್ಥನಿಗೆ ಫಾತಿಹಾ ಓದಿ ಊದಿದರು, ಅವನು ಎದ್ದು ನಡೆದಾಡಿದ, ಪ್ರತಿಫಲವಾಗಿ ಕುರಿಗಳನ್ನು ಕೊಟ್ಟರು ಎಂಬ ಕಥೆ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಸಂಜೆ ಹೊತ್ತು ಮಸೀದಿಯ ಬಾಗಿಲಲ್ಲಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಊದಿಸಲು ನಿಲ್ಲುವ ಪದ್ಧತಿಗೆ ಬೇರು ಇಂಥ ಕಥೆಗಳಲ್ಲಿದೆ. ನಿಂತವರಲ್ಲಿ ಬೇರೆ ಧರ್ಮದ ತಾಯಂದಿರೂ ಇರುತ್ತಾರೆ. ಜ್ವರ ಬಂದರೆ ಆಸ್ಪತ್ರೆಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಯಿಯ ದಿಗಿಲು ಇಳಿಯುವುದೂ ಒಂದು ಬಗೆಯ ಶಿಫಾ. ಇನ್ನು ಸತ್ತವರಿಗಾಗಿ ಫಾತಿಹಾ ಓದಿಸುವುದು, ದರ್ಗಾಗಳಲ್ಲಿ ಓದಿಸುವುದು ಸರಿಯೇ ಎಂಬ ಬಗ್ಗೆ ಮುಸ್ಲಿಮರಲ್ಲೇ ಭಿನ್ನಾಭಿಪ್ರಾಯಗಳಿವೆ. ನಮಾಝಿನ ಫಾತಿಹಾದ ಬಗ್ಗೆ ಮಾತ್ರ ಯಾರ ತಕರಾರೂ ಇಲ್ಲ.

ಶಿಕ್ಷಕರಿಗೆ ಎರಡು ಮಾತು

ಬಾಯಿಪಾಠ ಹಳೆಯದಾಯಿತು, ಮಕ್ಕಳಿಗೆ ಅರ್ಥವಾದರೆ ಸಾಕು ಎಂದು ತರಬೇತಿಗಳಲ್ಲಿ ಕೇಳುತ್ತಲೇ ಇದ್ದೇವೆ. ಫಾತಿಹಾದ ಚರಿತ್ರೆ ಹೇಳುವುದು ಬೇರೆ. ಬಾಯಿಪಾಠ ಇಲ್ಲದಿದ್ದರೆ ಈ ಏಳು ವಾಕ್ಯಗಳು ಸಾವಿರದ ನಾನೂರು ವರ್ಷ, ಅಷ್ಟೊಂದು ದೇಶ ಭಾಷೆಗಳನ್ನು ದಾಟಿ, ಅಕ್ಷರ ಬಾರದ ಅಜ್ಜಿಯ ನಾಲಗೆಯಲ್ಲೂ ಕೆಡದೆ ಉಳಿಯುತ್ತಿರಲಿಲ್ಲ. ಅರ್ಥ ಇಲ್ಲದಿದ್ದರೆ ಅದೇ ಓದು ಆಮೀನ್ ಜಗಳಕ್ಕೂ ಕಾರಣವಾಗಬಲ್ಲದು. ಎರಡೂ ಬೇಕು. ಓದನ್ನು ಮದ್ರಸ ಕಲಿಸುತ್ತದೆ. ಅರ್ಥ ಇಳಿಯಬೇಕಾದರೆ ಮಗುವಿಗೆ ಚೆನ್ನಾಗಿ ತಿಳಿಯುವ ಒಂದು ಭಾಷೆ ಬೇಕು; ನಮ್ಮ ಶಾಲೆಗಳಲ್ಲಿ ಆ ಭಾಷೆ ಕನ್ನಡ. ಕನ್ನಡ ಗಟ್ಟಿಯಾದಷ್ಟೂ ಮಗುವಿಗೆ ತಾನು ಹೇಳುವ ಪ್ರಾರ್ಥನೆ, ಅದು ಯಾವ ಧರ್ಮದ್ದೇ ಆಗಿರಲಿ, ಹೆಚ್ಚು ತನ್ನದಾಗುತ್ತದೆ.

ಆದ್ದರಿಂದ ಧರ್ಮಗಳ ಪಾಠ ಬಂದಾಗ ಇಸವಿಗಳನ್ನು ಬರೆಸಿ ಮುಗಿಸದೆ, ಮಕ್ಕಳಿಗೆ ಒಂದು ಕೆಲಸ ಕೊಡೋಣ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ದಿನಾ ಹೇಳುವ ಪ್ರಾರ್ಥನೆಯ ಅರ್ಥವನ್ನು ಹಿರಿಯರಲ್ಲಿ ಕೇಳಿ ತಿಳಿದು, ತಮ್ಮದೇ ಕನ್ನಡದಲ್ಲಿ ನಾಲ್ಕು ವಾಕ್ಯ ಬರೆದು ತರಲಿ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಉಳಿದವರು ಕೇಳಲಿ.